ಎಲೆ ಉದುರುವ ಕಾಡು

ಅಮೆರಿಕದ ಈಶಾನ್ಯ ಮೂಲೆಯಲ್ಲಿ ನೆಲೆಸಿರುವ ನನ್ನ ಸೋದರಳಿಯ ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ತಪ್ಪದೆ ಕೆಲವು ಚಿತ್ರಗಳನ್ನು ಕಳುಹಿಸುತ್ತಾನೆ. ಬೆಟ್ಟದ ಇಳಿಜಾರಿನ ಉದ್ದಕ್ಕೂ ಮೇಪಲ್ ಮರಗಳು ಕುಂಕುಮ ಎರಚಿದಂತೆ ನಿಂತಿರುತ್ತವೆ. ನಡುನಡುವೆ ಅರಿಶಿನದ ಬಣ್ಣದ ಬೇರೆ ಮರಗಳು. ಈ ಎಲೆಗಳನ್ನು ನೋಡುವುದಕ್ಕೆಂದೇ ಜನ ರಜೆ ಹಾಕಿ, ದೂರದ ಊರುಗಳಿಂದ ಬುತ್ತಿ ಕಟ್ಟಿಕೊಂಡು ಬರುತ್ತಾರಂತೆ. ಕಳೆದ ಸಲ ಚಿತ್ರಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಕಳುಹಿಸಿದ್ದ: "ಮಾವ, ನಮ್ಮ ಹುಣಸೂರಿನ ಕಾಡಿನಲ್ಲಿ ಇಂಥದ್ದು ಇದೆಯೆ?"

ಒಂದು ಮಾತಿನಲ್ಲಿ ಉತ್ತರ ಬರೆದುಬಿಡಬಹುದಾಗಿತ್ತು. ಆದರೆ ನಾನು ಮೂವತ್ತು ವರ್ಷ ಹುಣಸೂರಿನ ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿದವನು. ಒಂದು ಮಾತಿನಲ್ಲಿ ಉತ್ತರ ಹೇಳುವ ಅಭ್ಯಾಸ ತಪ್ಪಿಹೋಗಿದೆ. ಕಾಡಿನ ಎಲೆಗಳನ್ನೂ ಪ್ರಾಣಿಗಳನ್ನೂ ನೋಡಿ ಸಂತೋಷಪಡುವುದು ಎಂದರೇನು, ನಮ್ಮ ಈ ಸೀಮೆಯಲ್ಲಿ ಆ ಸಂತೋಷವನ್ನು ಯಾರು ಪಟ್ಟರು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಯೋಚಿಸುತ್ತ ಹೋದೆ. ಆ ಯೋಚನೆಯನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಋತುವಿನ ಮಾತು. ಶರದೃತು ಎಂಬ ಹೆಸರು ನಮಗೂ ಉಂಟು. ಆದರೆ ನಮ್ಮ ಶರತ್ತಿನಲ್ಲಿ ಎಲೆ ಉದುರುವುದಿಲ್ಲ. ಕಾಳಿದಾಸನ 'ಋತುಸಂಹಾರ' ಗ್ರೀಷ್ಮದಿಂದ ಮೊದಲಾಗಿ ವಸಂತದಲ್ಲಿ ಮುಗಿಯುತ್ತದೆ. ಅದರ ಶರದ್ವರ್ಣನೆಯಲ್ಲಿ ತಿಳಿಯಾದ ಆಕಾಶ, ತಾವರೆ, ಹಂಸ, ಬಿಳಿಯ ಜೊಂಡುಹೂವು ಇವೆಲ್ಲ ಬರುತ್ತವೆ. ಮಳೆಗಾಲ ಆಗತಾನೆ ಮುಗಿದು ಭೂಮಿಯಲ್ಲಿ ಇನ್ನೂ ಪಸೆಯಿರುವ ಕಾಲ ಅದು. ನವರಾತ್ರಿಯ ದಿನಗಳಲ್ಲಿ ಹುಣಸೂರಿನಿಂದ ನಾಗರಹೊಳೆಯ ಕಡೆಗೆ ಹೋದರೆ ರಸ್ತೆಯ ಎರಡೂ ಬದಿಯಲ್ಲಿ ಕಣ್ಣಿಗೆ ಬೀಳುವುದು ಹಸುರು, ಹಸುರಿನ ಹಿಂದೆ ಮತ್ತೂ ಕಪ್ಪಾದ ಹಸುರು.

ಹಾಗೆಂದು ನಮ್ಮ ಶರತ್ತಿನಲ್ಲಿ ಹಳದಿ ಎಲೆಯೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಲಗಳಲ್ಲಿ ಮುಂಗಾರಿನಲ್ಲಿ ನೆಟ್ಟ ಹೊಗೆಸೊಪ್ಪು ಬಲಿಯುವುದು ಈ ತಿಂಗಳುಗಳ ಆಸುಪಾಸಿನಲ್ಲಿಯೇ. ರೈತರು ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಹಗಲಿರುಳು ಸೌದೆ ಉರಿಯುತ್ತದೆ. ಒಳಗೆ ಹಸುರೆಲೆ ಬಾಡಿ, ಹಳದಿಗಟ್ಟಿ, ಕೊನೆಗೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣಕ್ಕೆ ಹರಾಜಿನ ಕಟ್ಟೆಯಲ್ಲಿ ಬೆಲೆ ಉಂಟು. ಎಲೆಯ ಹಳದಿಯನ್ನು ಕಣ್ಣರಳಿಸಿ ನೋಡುವ ಜನ ನಮ್ಮಲ್ಲೂ ಇದ್ದಾರೆ ಎಂದು ಅಳಿಯನಿಗೆ ಬರೆಯಬಹುದಿತ್ತು. ಆದರೆ ಆ ಬಣ್ಣ ಬರಿಸಲು ಉರಿಯುವ ಸೌದೆ ಎಲ್ಲಿಯದು ಎಂಬ ಪ್ರಶ್ನೆ ಕೂಡಲೇ ಎದುರು ನಿಲ್ಲುತ್ತದೆ. ಈ ಸೀಮೆಯಲ್ಲಿ ಯಾವ ಎಲೆಯ ಮಾತೆತ್ತಿದರೂ ಅದು ತಿರುಗಿ ಕಾಡಿಗೇ ಬಂದು ಮುಟ್ಟುತ್ತದೆ.

ನಿಜವಾದ ಎಲೆಯುದುರು ನಮ್ಮಲ್ಲಿ ಶಿಶಿರದ್ದು. ಸಂಕ್ರಾಂತಿಯ ಹೊತ್ತಿಗೆ ಮೊದಲಾಗಿ ಯುಗಾದಿಯ ತನಕ ನಡೆಯುತ್ತದೆ. ಶೀತದೇಶದ ಮರಗಳು ಹಗಲು ಕಿರಿದಾಗಿ ಚಳಿ ಬರುತ್ತದೆಂದು ಎಲೆ ಕಳಚುತ್ತವೆ. ನಮ್ಮ ಮರಗಳು ಕಳಚುವುದು ನೀರು ಸಾಲದಾಗುತ್ತದೆಂದು. ಎಲೆಯೆಂದರೆ ನೀರು ಆವಿಯಾಗಿ ಹೋಗುವ ಬಾಗಿಲು. ಬರಗಾಲ ಬರುವ ಮುನ್ನ ಮರ ತನ್ನ ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತದೆ. ಕೊಡಗಿನ ಕಡೆಯ ಪಶ್ಚಿಮ ಭಾಗದಲ್ಲಿ ಮಳೆ ಹೆಚ್ಚು, ಮೈಸೂರಿನ ಕಡೆಯ ಪೂರ್ವ ಭಾಗದಲ್ಲಿ ಕಡಿಮೆ. ಆದ್ದರಿಂದ ಒಂದೇ ಕಾಡಿನೊಳಗೆ ಪೂರ್ವದಿಂದ ಪಶ್ಚಿಮಕ್ಕೆ ನಡೆದರೆ ಬೋಳಾದ ಮರಗಳಿಂದ ಇನ್ನೂ ಎಲೆ ಹೊತ್ತ ಮರಗಳ ಕಡೆಗೆ, ಎಂದರೆ ಋತುವಿನಲ್ಲಿ ಹಿಂದಕ್ಕೆ ನಡೆದಂತಾಗುತ್ತದೆ.

ತೇಗ, ಮತ್ತಿ, ಹೊನ್ನೆ, ನಂದಿ, ದಿಂಡಿಗ, ಬೀಟೆ ಇವು ಇಲ್ಲಿನ ಮುಖ್ಯ ಮರಗಳು. ಇವುಗಳಲ್ಲಿ ತೇಗದ ಬಹುಭಾಗ ತಾನಾಗಿ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಅರಣ್ಯ ಇಲಾಖೆಯವರು ಸಹಜವಾದ ಕಾಡನ್ನು ತೆಗೆದು ಸಾಲು ಹಿಡಿದು ನೆಟ್ಟದ್ದು. ಮುರದಷ್ಟು ಅಗಲವಾದ ತೇಗದ ಎಲೆ ಬಿದ್ದು ಒಣಗಿದ ಮೇಲೆ ಹಪ್ಪಳದಂತಾಗುತ್ತದೆ. ಈ ಕಾಲದಲ್ಲಿ ಕಾಡಿನಲ್ಲಿ ಸದ್ದಿಲ್ಲದೆ ನಡೆಯುವುದು ಹುಲಿಗೂ ಕಷ್ಟ. ಅಳಿಲು ಓಡಿದರೂ ಯಾರೋ ಬಂದಂತೆ ಕೇಳುತ್ತದೆ. ಮರದ ಮೇಲೆ ಮುಸುವ, ಕೆಳಗೆ ಜಿಂಕೆ. ಮುಸುವ ಮುರಿದು ಎಸೆದ ಚಿಗುರನ್ನು ಜಿಂಕೆ ಮೇಯುತ್ತದೆ, ಮೇಲಿನ ಕಣ್ಣು ಮತ್ತು ಕೆಳಗಿನ ಮೂಗು ಒಂದಕ್ಕೊಂದು ಕಾವಲಾಗುತ್ತವೆ. ಹಸುರಿನ ತೆರೆ ಸರಿದುಹೋಗಿರುವುದರಿಂದ ದೂರದ ಕಾಟಿಯ ಬೆನ್ನು ಕಾಣುತ್ತದೆ, ಬಿದಿರು ಮೆಳೆಯ ಹಿಂದೆ ಆನೆಯ ಕಿವಿ ಅಲುಗುವುದು ಕಾಣುತ್ತದೆ.

ಇನ್ನು ಬಣ್ಣ. ಅಳಿಯನ ಚಿತ್ರಗಳ ಕೆಂಪು ಸಾಯುತ್ತಿರುವ ಎಲೆಯ ಕೆಂಪು. ಪತ್ರಹರಿತ್ತು ಕರಗಿದಾಗ ಅಡಗಿದ್ದ ಹಳದಿ ಹೊರಗೆ ಬರುತ್ತದೆ. ಕೆಂಪು ಮಾತ್ರ ಆ ಕೊನೆಯ ದಿನಗಳಲ್ಲಿ ಎಲೆ ಹೊಸದಾಗಿ ತಯಾರಿಸಿಕೊಳ್ಳುವ ವರ್ಣ. ಆಂಥೋಸಯನಿನ್ ಎಂದು ಅದಕ್ಕೆ ಹೆಸರು. ನಮ್ಮ ಕಾಡಿನಲ್ಲಿ ಅದೇ ಬಗೆಯ ವರ್ಣ ಹುಟ್ಟುವ ಎಲೆಯಲ್ಲಿ ಬರುತ್ತದೆ. ಶಿವರಾತ್ರಿ ಕಳೆದ ಮೇಲೆ, ಸುತ್ತಲಿನ ಮರಗಳೆಲ್ಲ ಇನ್ನೂ ಬೋಳಾಗಿರುವಾಗ, ಸಾಗಡೆಯ ಮರ ನೆತ್ತಿಯಿಂದ ಬುಡದವರೆಗೆ ರಕ್ತದ ಬಣ್ಣದ ಚಿಗುರು ಹೊರುತ್ತದೆ. ದೂರದಿಂದ ನೋಡಿದವರು ಹೂವೆಂದು ತಿಳಿಯುತ್ತಾರೆ. ಎಳೆಯ ಎಲೆಯನ್ನು ಬಿಸಿಲಿನಿಂದಲೂ ಹುಳುಗಳಿಂದಲೂ ಕಾಪಾಡಲು ಈ ಬಣ್ಣ ನೆರವಾಗುತ್ತದೆಂದು ಸಸ್ಯವಿಜ್ಞಾನಿಗಳು ಭಾವಿಸುತ್ತಾರೆ. ತೇಗದ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೈ ಕೆಂಪಾಗುವುದನ್ನು ನಮ್ಮ ಕಡೆಯ ಮಕ್ಕಳೆಲ್ಲ ಬಲ್ಲರು. ಮುತ್ತುಗ ಮತ್ತು ಬೂರುಗಗಳ ಹೂವಿನ ಕೆಂಪು ಇದರ ಮೇಲೆ. ಅಲ್ಲಿ ಮುಗಿತಾಯಕ್ಕೆ ಯಾವ ಬಣ್ಣವೋ ಇಲ್ಲಿ ಮೊದಲಿಗೆ ಆ ಬಣ್ಣ. ಯುಗಾದಿಯನ್ನು ವರ್ಷದ ಬಾಗಿಲಲ್ಲಿ ಇಟ್ಟ ನಮ್ಮ ಹಿರಿಯರು ಕಾಡನ್ನು ಚೆನ್ನಾಗಿ ನೋಡಿದ್ದರೆಂದೇ ತೋರುತ್ತದೆ.

ಜಪಾನಿನಲ್ಲಿ ಶರತ್ತಿನ ಕೆಂಪೆಲೆಗಳನ್ನು ನೋಡಲು ಹೋಗುವುದಕ್ಕೆ 'ಮೊಮಿಜಿಗಾರಿ' ಎನ್ನುತ್ತಾರೆ. ಅಕ್ಷರಶಃ ಅರ್ಥ ಮಾಡಿದರೆ 'ಕೆಂಪೆಲೆಯ ಬೇಟೆ'. ಬರಿಯ ನೋಟಕ್ಕೆ ಬೇಟೆಯ ಹೆಸರು ಏಕೆ ಎಂದು ಮೊದಲು ಆಶ್ಚರ್ಯವಾಯಿತು. ಆಮೇಲೆ ನಮ್ಮ ಕಾಡಿನ ಚರಿತ್ರೆಯನ್ನು ನೆನೆದಾಗ ಆಶ್ಚರ್ಯ ಕಡಿಮೆಯಾಯಿತು. ನಮ್ಮಲ್ಲಿ ನಡೆದದ್ದು ಅದರ ತಿರುಗುಮುರುಗು. ಇಲ್ಲಿ ಮೊದಲು ಬೇಟೆಯೇ ಇತ್ತು, ಬೇಟೆಯೇ ನೋಟವಾಯಿತು.

ಕಾಕನಕೋಟೆಯ ಹೆಸರನ್ನು ಸಾಹಿತ್ಯದ ಓದುಗರು ಮಾಸ್ತಿಯವರ ನಾಟಕದಿಂದ ಬಲ್ಲರು. ಅದು 1977ರಲ್ಲಿ ಚಲನಚಿತ್ರವಾಗಿಯೂ ಬಂತು. ಚರಿತ್ರೆಯಲ್ಲಿ ಆ ಹೆಸರು ನಿಂತಿರುವುದು ಖೆಡ್ಡಾದಿಂದ. ಹೈದರಾಲಿ ಈ ಕಾಡಿನಲ್ಲಿ ಆನೆಗಳ ಹಿಂಡನ್ನು ಹಿಡಿಯಲು ಯತ್ನಿಸಿ ಸೋತನೆಂದೂ, ಇದು ಯಾರಿಂದಲೂ ಆಗದ ಕೆಲಸ, ಯತ್ನಿಸಿದವರಿಗೆ ನನ್ನ ಶಾಪ ತಟ್ಟಲಿ ಎಂಬರ್ಥದ ಮಾತನ್ನು ಕಲ್ಲಿನ ಮೇಲೆ ಬರೆಸಿ ನಿಲ್ಲಿಸಿದನೆಂದೂ ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ಹೇಳುತ್ತಾನೆ. ಜಿ. ಪಿ. ಸ್ಯಾಂಡರ್ಸನ್ ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಕೆಲಸಕ್ಕೆ ಬಂದು ಆನೆಗಳ ಕೆಲಸಕ್ಕೆ ತಿರುಗಿದವನು. 1874ರಲ್ಲಿ ಚಾಮರಾಜನಗರದ ಬಳಿ ಅವನು ಹಿಂಡೊಂದನ್ನು ಹಿಡಿದು ಹೈದರನ ಮಾತನ್ನು ಸುಳ್ಳು ಮಾಡಿದ. 1878ರಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಆಮೇಲೆ ಕಪಿಲೆಯ ದಡದ ಕಾಕನಕೋಟೆ ಖೆಡ್ಡಾದ ಪ್ರಸಿದ್ಧ ಸ್ಥಳವಾಯಿತು.

ಖೆಡ್ಡಾದ ಕ್ರಮ ಹೀಗೆ. ಹಿಂಡು ಇರುವ ಕಡೆಯನ್ನು ಜೇನುಕುರುಬರು ಹೆಜ್ಜೆಯಿಂದ, ಲದ್ದಿಯಿಂದ, ಮುರಿದ ಕೊಂಬೆಯಿಂದ ಪತ್ತೆಹಚ್ಚುತ್ತಿದ್ದರು. ನೂರಾರು ಜನ ದೊಡ್ಡ ಅರ್ಧಚಂದ್ರದಂತೆ ಸುತ್ತುವರಿದು, ತಮಟೆ ಬಡಿದು, ಬೆಂಕಿ ಹಚ್ಚಿ, ಕೋವಿ ಹಾರಿಸಿ ಹಿಂಡನ್ನು ದಿನಗಟ್ಟಲೆ ಹೊಳೆಯ ಕಡೆಗೆ ನೂಕುತ್ತಿದ್ದರು. ಹೊಳೆ ದಾಟಿದ ಹಿಂಡು ದಿಮ್ಮಿಗಳ ಕಟಾಂಜನದೊಳಗೆ ಹೊಕ್ಕೊಡನೆ ಬಾಗಿಲು ಬೀಳುತ್ತಿತ್ತು. ಅನಂತರ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳನುಗ್ಗಿ ಒಂದೊಂದರ ಕಾಲಿಗೂ ಕೊರಳಿಗೂ ಹಗ್ಗ ಬಿಗಿಯುತ್ತಿದ್ದರು. ಇದನ್ನು ನೋಡಲು ಅಟ್ಟಣೆಗಳು. ಅಟ್ಟಣೆಯ ಮೇಲೆ ಮಹಾರಾಜರ ಅತಿಥಿಗಳು. ಹೊಳೆಯಾಚೆ ತಮಟೆ ಹಿಡಿದು ನಿಂತ ಕಾಡಿನ ಜನರ ಹೆಸರು ಯಾವ ಅತಿಥಿಯ ದಿನಚರಿಯಲ್ಲೂ ಉಳಿದಂತಿಲ್ಲ. ಒಂದು ಹೆಸರು ಮಾತ್ರ ಹೇಗೋ ಲೋಕಕ್ಕೆ ಹೋಯಿತು. ರಾಬರ್ಟ್ ಫ್ಲಾಹರ್ಟಿ ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಚಿತ್ರೀಕರಿಸಿದ, 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಚಿತ್ರದ ನಾಯಕ, ಕಾರಾಪುರದಲ್ಲಿ ಹುಟ್ಟಿದ ಮಾವುತರ ಮನೆಯ ಹುಡುಗ ಸಾಬು. ಅವನು ಹಾಲಿವುಡ್ಡಿಗೆ ಹೋದ. ಅವನ ಓರಗೆಯವರು ಆನೆಗಳ ಜೊತೆಯಲ್ಲೇ ಉಳಿದರು.

1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ನನಗೆ ಆಗ ಒಂಬತ್ತು ವರ್ಷ. ಮರದ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ಜನರ ತಲೆಗಳ ಮೇಲಿನಿಂದ ನಾನು ಕಂಡದ್ದು ಹೊಗೆ, ಕಲಕಿದ ನೀರು, ನೀರಿನಲ್ಲಿ ಕಪ್ಪು ಬಂಡೆಗಳು ನಡೆದುಬರುವಂಥ ನೋಟ. ಬಾಗಿಲು ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಷ್ಟರಲ್ಲಿ ಒಳಗಿನಿಂದ ಒಂದು ಮರಿಯ ಕೂಗು ಕೇಳಿಸಿತು. ಸಣ್ಣ, ಸೀಳಿದ, ತುತ್ತೂರಿಯಂಥ ಕೂಗು. ಮಾವನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ನಕ್ಕು, "ಹೆದರ್ಕೋಬೇಡ ಕಣೋ, ತಾಯಿ ಅಲ್ಲೇ ಐತೆ" ಎಂದರು. ತಾಯಿ ಅಲ್ಲಿಯೇ ಇದ್ದುದು ನಿಜ. ಆದರೆ ಅದರ ಕಾಲಿಗೆ ಹಗ್ಗ ಬೀಳುವುದನ್ನು ನಾನು ಆಗಲೇ ನೋಡಿದ್ದೆ.

ಇಷ್ಟು ನೆನಪಿದೆ. ಆ ದಿನ ಮರಗಳಲ್ಲಿ ಎಲೆ ಇತ್ತೇ ಇಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕಾಡಿನ ನಡುವೆ ನಿಂತು ಒಂದು ಮರವನ್ನೂ ನಾನು ನೋಡಲಿಲ್ಲ. ಈ ಕೊರತೆ ಬಹಳ ವರ್ಷಗಳ ಮೇಲೆ ನನ್ನನ್ನು ಕಾಡತೊಡಗಿತು. ಸಂತೋಷಪಟ್ಟದ್ದಕ್ಕೆ ಒಂಬತ್ತು ವರ್ಷದ ಹುಡುಗನನ್ನು ಶಿಕ್ಷಿಸಬೇಕಾಗಿಲ್ಲ. ಆದರೆ ಆ ಹುಡುಗ ಯಾವುದನ್ನು ನೋಡಲಿಲ್ಲ ಎಂಬುದನ್ನು ಅವನು ಮುದುಕನಾದ ಮೇಲಾದರೂ ಲೆಕ್ಕ ಹಾಕಬೇಕಷ್ಟೆ.

ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡು, ನಾನು ಚಪ್ಪಾಳೆ ತಟ್ಟಿದ ಖೆಡ್ಡಾದ ನೆಲವೂ ಹಲವು ಊರುಗಳೂ ನೀರಿನಡಿ ಹೋದವು. ಈ ಹೊಳೆಯ ದಡದ ಚರಿತ್ರೆ ಬಲು ಹಳೆಯದು. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವನ್ನು ವಿದ್ವಾಂಸರು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರೆಂದು ಗುರುತಿಸಿದ್ದಾರೆ. ಆ ನಾಡಿನ ಬೆರಿಲ್ ಮಣಿಗಳ ಸುದ್ದಿ ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿಯ ಕಿವಿಗೂ ಬಿದ್ದಿತ್ತು. ರಾಜ್ಯ ಹೋದ ಮೇಲೆ ಕಾಡು ಬೆಳೆದ ಕಡೆ, ಈಗ ಕಾಡು ಹೋಗಿ ನೀರು ನಿಂತಿತು.

ಆದರೆ ಪ್ರಕೃತಿಯ ಲೆಕ್ಕ ನಮ್ಮ ಲೆಕ್ಕದಂತೆ ನಡೆಯುವುದಿಲ್ಲ. ಬೇಸಗೆಯಲ್ಲಿ ಜಲಾಶಯದ ನೀರು ಇಳಿದಾಗ ಅಂಚಿನ ಮಣ್ಣಿನಲ್ಲಿ ಹೊಸ ಹುಲ್ಲು ಹುಟ್ಟುತ್ತದೆ. ಕಾಡೊಳಗೆ ಮೇವಿಲ್ಲದ ಆ ದಿನಗಳಲ್ಲಿ ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಹಿಂಡುಹಿಂಡಾಗಿ ಆ ಹುಲ್ಲಿಗೆ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಜಾಗ ಇನ್ನೆಲ್ಲಿಯೂ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ತಮಟೆ ಬಡಿದು ಹೊಳೆಗೆ ಇಳಿಸಬೇಕಾಗಿದ್ದ ಹಿಂಡುಗಳು ಈಗ ಯಾರೂ ಕರೆಯದೆ ತಾವಾಗಿ ಬಂದು ಅದೇ ಹೊಳೆಯ ಅಂಚಿನಲ್ಲಿ ನಿಲ್ಲುತ್ತವೆ. ಮರಿಗಳು ತಾಯಿಯ ಕಾಲುಗಳ ನಡುವೆ ನುಸುಳಿ ಕೆಸರಿನಲ್ಲಿ ಉರುಳುತ್ತವೆ. ಅದನ್ನು ನೋಡಿದಾಗ ನನ್ನ ಬಾಲ್ಯದ ಒಂದು ಭಾರ ಸ್ವಲ್ಪ ಇಳಿಯಿತೆಂದು ಹೇಳಿದರೆ ಅದು ಅತಿಶಯೋಕ್ತಿಯಲ್ಲ.

ಇನ್ನು ಬೈಲಕುಪ್ಪೆಯ ಮಾತು. 1959ರಲ್ಲಿ ಟಿಬೆಟ್ಟನ್ನು ಬಿಟ್ಟುಬಂದ ನಿರಾಶ್ರಿತರಿಗಾಗಿ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಈ ಕಾಡುನೆಲದಲ್ಲಿ ಸುಮಾರು 3,000 ಎಕರೆಯನ್ನು ಗೇಣಿಗೆ ಕೊಟ್ಟಿತು. 1960ರ ಕೊನೆಯಿಂದ ಜನ ಬರತೊಡಗಿದರು. ಲುಗ್ಸುಂಗ್ ಸಂಡುಪ್ಲಿಂಗ್ ಎಂಬ ನೆಲೆ ಹುಟ್ಟಿತು. 1969ರಲ್ಲಿ ಡಿಕ್ಯಿ ಲಾರ್ಸೊ ಎಂಬ ಎರಡನೆಯ ನೆಲೆ ಸೇರಿತು. 1963ರಲ್ಲಿ ಬಿದಿರಿನ ಗುಡಿಯಾಗಿ ಆರಂಭವಾದ ನಾಮ್‌ಡ್ರೋಲಿಂಗ್ ವಿಹಾರದಲ್ಲಿ 1999ರಲ್ಲಿ ಪ್ರತಿಷ್ಠೆಯಾದ ಸುವರ್ಣ ದೇಗುಲವನ್ನು ಇಂದು ನಮ್ಮ ಪ್ರವಾಸಿಗಳೆಲ್ಲ ಬಲ್ಲರು. ಅದು ನಿಂತಿರುವ ಸೀಮೆ ಆನೆಗಳು ಓಡಾಡುತ್ತಿದ್ದ ಕಾಡಾಗಿತ್ತೆಂಬುದನ್ನು ಬಲ್ಲವರು ಕಡಿಮೆ.

ಬಂದವರಲ್ಲಿ ಅನೇಕರು ಮೊದಲು ಹಿಮಾಲಯದಲ್ಲಿ ರಸ್ತೆಯ ಕೂಲಿ ಮಾಡಿದವರು. ಇಲ್ಲಿ ಅವರು ಡೇರೆಗಳಲ್ಲಿದ್ದುಕೊಂಡು ಮರ ಕಡಿದು, ಬುಡ ಕಿತ್ತು, ಬೆಂಕಿ ಹಚ್ಚಿ ಹೊಲ ಮಾಡಿದರು. ಎತ್ತರದ ಚಳಿಯಲ್ಲಿ ಬೆಳೆದ ದೇಹಗಳಿಗೆ ಈ ಸೆಕೆಯೂ ಜ್ವರಗಳೂ ಸಹಿಸಲಿಲ್ಲ, ಹಲವರು ಸತ್ತರು. ಬಿತ್ತಿದ ಮುಸುಕಿನ ಜೋಳಕ್ಕೆ ಕಾಡುಹಂದಿಯೂ ಆನೆಯೂ ಬಂದವು. ಹದಿನಾಲ್ಕರ ವಯಸ್ಸಿನಲ್ಲಿ ಬಂದು ಇಲ್ಲಿಯೇ ಮೊಮ್ಮಕ್ಕಳನ್ನು ಕಂಡ ಒಬ್ಬ ವೃದ್ಧೆಯ ಪರಿಚಯ ನನಗಿದೆ. ಮನೆಯವರು ಅವರನ್ನು 'ಅಮಾಲಾ' ಎನ್ನುತ್ತಾರೆ; ನನ್ನ ಬಾಯಿಗೆ ಅದು 'ಅಮ್ಮ' ಎಂದೇ ಬರುತ್ತದೆ. ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತ ಅವರ ಕನ್ನಡಕ್ಕೆ ಒಂದು ಬಗೆಯ ನೇರತನವಿದೆ. ಅಳಿಯನ ಚಿತ್ರಗಳನ್ನು ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

"ನಮ್ಮೂರಲ್ಲಿ ಹೊಳೆ ಪಕ್ಕ ಮರ. ಚಳಿ ಬಂದ್ರೆ ಎಲ್ಲಾ ಹಳದಿ. ಇಷ್ಟು ಕೆಂಪು ಇಲ್ಲ, ಹಳದಿ," ಎಂದರು.

"ಇಲ್ಲಿ ಬಂದ ಹೊಸದರಲ್ಲಿ ಕಾಡು ಹೇಗಿತ್ತಮ್ಮ?" ಎಂದು ಕೇಳಿದೆ.

"ನೋಡಲಿಲ್ಲ ಮೇಷ್ಟ್ರೇ. ಕಡಿಬೇಕಿತ್ತು."

ಆ ಮಾತಿಗೆ ನಾನು ಏನೂ ಹೇಳಲಾಗಲಿಲ್ಲ. ಕಾಕನಕೋಟೆಯಲ್ಲಿ ನಾನು ಮರಗಳನ್ನು ನೋಡದೆ ಹೋದದ್ದು ಹುಡುಗನ ಮೈಮರೆವು. ಅವರು ನೋಡದೆ ಹೋದದ್ದು ಬದುಕಬೇಕಾದವರ ಅವಸರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ. ಅವರ ಅಂಗಳದಲ್ಲಿ ಈಗ ಒಂದು ಸಂಪಿಗೆ, ಎರಡು ಹಲಸು ಇವೆ. ಅವನ್ನು ನೆಟ್ಟವರು ಅವರೇ. ಹೊರಡುವಾಗ ಹಲಸಿನ ಬುಡವನ್ನು ಕೈಯಿಂದ ತಟ್ಟಿ, ಇದಕ್ಕೂ ಆನೆ ಬರುತ್ತದೆ ಎಂದು ನಕ್ಕರು.

ಕಡೆಯದಾಗಿ, ಇಂದು ನಾವು ನೋಡಲು ಹೋಗುವ ನಾಗರಹೊಳೆಯ ವಿಷಯ. 1955ರಲ್ಲಿ ಕೊಡಗಿನ ಭಾಗದಲ್ಲಿ ಅಭಯಾರಣ್ಯವಾಗಿ ಮೊದಲಾದದ್ದು ಮುಂದೆ ಮೈಸೂರು ಜಿಲ್ಲೆಯ ಕಾಡುಗಳನ್ನೂ ಸೇರಿಸಿಕೊಂಡು, 1983ರಲ್ಲಿ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಈ ರಕ್ಷಣೆಯಿಲ್ಲದೆ ಇಂದು ಅಲ್ಲಿ ಹುಲಿ ಉಳಿಯುತ್ತಿರಲಿಲ್ಲ ಎಂಬುದು ನಿಜ. ಕಳ್ಳಬೇಟೆಗೂ ಮರಗಳ್ಳತನಕ್ಕೂ ಎದುರು ನಿಂತ ಅರಣ್ಯದ ನೌಕರರು ಪಟ್ಟ ಪಾಡು ಸಣ್ಣದಲ್ಲ. ಎಲೆಯುದುರಿನ ಕಾಲದಲ್ಲಿ ಅವರಿಗೆ ನಿದ್ದೆಯಿಲ್ಲ. ನೆಲ ತುಂಬಿದ ಒಣ ಎಲೆಗೆ ಒಂದು ಬೀಡಿಯ ತುಂಡು ಸಾಕು. 2012ರ ಬೇಸಗೆಯಲ್ಲಿ ನಾಗರಹೊಳೆಯೂ, 2019ರ ಫೆಬ್ರವರಿಯಲ್ಲಿ ಬಂಡೀಪುರವೂ ಉರಿದುದನ್ನು ನಾವು ಕಂಡಿದ್ದೇವೆ. ನಮಗೆ ಸೊಬಗಾಗಿ ಕಾಣುವ ಆ ತರಗೆಲೆಯ ಹಾಸು ಬೆಂಕಿರೇಖೆ ಕೊರೆಯುವ ಕಾವಲುಗಾರನ ಕಣ್ಣಿಗೆ ಮದ್ದಿನ ರಾಶಿ.

ಆದರೆ ಅದೇ ಉದ್ಯಾನದ ಗಡಿಯೊಳಗೆ ಜೇನುಕುರುಬ, ಬೆಟ್ಟಕುರುಬ, ಎರವರ ಹಾಡಿಗಳಿದ್ದವು, ಇವೆ. ಹೆಜ್ಜೆ ನೋಡಿ ಹಿಂಡನ್ನು ಹುಡುಕಿಕೊಟ್ಟವರು, ಹಿಡಿದ ಆನೆಯನ್ನು ಪಳಗಿಸಿದವರು ಇವರೇ. ಖೆಡ್ಡಾದಲ್ಲಿ ಸೆರೆಸಿಕ್ಕ ದ್ರೋಣ ದಸರೆಯಲ್ಲಿ ಹದಿನೆಂಟು ವರ್ಷ ಅಂಬಾರಿ ಹೊತ್ತು, 1998ರಲ್ಲಿ ಕಾಡಿನಲ್ಲಿ ಮೇಯುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಸತ್ತಿತು. ಅಂಥ ಆನೆಗಳ ಬೆನ್ನ ಮೇಲೆ, ಪಕ್ಕದಲ್ಲಿ, ಜೀವಮಾನವೆಲ್ಲ ನಡೆದವರು ಇವರು. ಉದ್ಯಾನವಾದ ಮೇಲೆ ಹಲವು ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದವು. ಹಾಡಿಯ ಜನ ಹೊರಗೆ ಹೋಗಬೇಕೆನ್ನುತ್ತಿದ್ದ ಕಾಲದಲ್ಲಿಯೇ ಉದ್ಯಾನದೊಳಗೆ ದೊಡ್ಡದೊಂದು ಹೋಟೆಲು ಏಳುವುದರಲ್ಲಿತ್ತು. ಕಾಡಿನ ಜನ ಹೋರಾಡಿದರು. 1997ರಲ್ಲಿ ಕರ್ನಾಟಕ ಹೈಕೋರ್ಟು ಅದಕ್ಕೆ ತಡೆಹಾಕಿತು. 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ಹಾಡಿಯ ಜಾಗಕ್ಕೆ ಮರಳಿ ಹೋಗಿ ಗುಡಿಸಲು ಕಟ್ಟಿದವು. ಅದು ಹಕ್ಕೋ ಅತಿಕ್ರಮಣವೋ ಎಂಬ ವಿವಾದ ಎದ್ದಿತು.

ಆನೆಗಳಿಗೂ ಗಡಿ ಬಂತು. ಹಳೆಯ ರೈಲು ಹಳಿಗಳ ಬೇಲಿಯನ್ನು ಹಾಕಿ ಹೊಲಗಳನ್ನು ಕಾಯುವ ಪ್ರಯತ್ನ ನಡೆಯಿತು. ರೈತನಿಗೆ ಅದು ಬೇಕು. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುವ ದುಃಖ ಹೊಲ ಉತ್ತವನಿಗೆ ಮಾತ್ರ ಗೊತ್ತು. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿಯ ಬಳಿ ಆ ಬೇಲಿಯನ್ನು ದಾಟಲು ಹೋದ ಒಂದು ಗಂಡಾನೆ ಹಳಿಯ ಮೇಲೆ ಸಿಕ್ಕಿಕೊಂಡು ಪ್ರಾಣ ಬಿಟ್ಟಿತು. 2025ರ ಕೊನೆಯಲ್ಲಿ ಸರಗೂರು, ಹೆಗ್ಗಡದೇವನಕೋಟೆಗಳ ಕಡೆ ಹುಲಿಯ ದಾಳಿಯಿಂದ ರೈತರು ಸತ್ತಾಗ, ನವೆಂಬರಿನಲ್ಲಿ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿತು. ಅಟ್ಟಣೆಯ ಕಾಲದಿಂದ ಜೀಪಿನ ಕಾಲದವರೆಗೆ ಪ್ರೇಕ್ಷಕರನ್ನು ಕಂಡ ಕಾಡು ಆ ದಿನಗಳಲ್ಲಿ ಪ್ರೇಕ್ಷಕರಿಲ್ಲದೆ ಇತ್ತು.

ಇಷ್ಟೆಲ್ಲ ಹೇಳಿದ ಮೇಲೆ ಕಾಡನ್ನು ನೋಡುವುದೇ ತಪ್ಪು ಎಂಬುದು ನನ್ನ ತಾತ್ಪರ್ಯವೆಂದು ಯಾರೂ ಭಾವಿಸಬಾರದು. ನೋಡದವರಿಗೆ ಅದು ಸೌದೆಯಾಗಿ, ದಿಮ್ಮಿಯಾಗಿ, ಎಕರೆಯಾಗಿ ಕಾಣುತ್ತದೆ. ನೋಡುವ ಜನರಿಂದಲೇ ಕಾಡು ಇಷ್ಟಾದರೂ ಉಳಿಯಿತು. ಆದರೆ ನೋಟದ ಕಾಣಿಕೆಯನ್ನು ನಾವು ಗೇಟಿನ ಬಳಿ ಕೊಡುವ ಹಣದಿಂದ ತೀರಿಸಿದೆವೆಂದು ತಿಳಿಯುವುದು ಸರಿಯಲ್ಲ. ಆ ಲೆಕ್ಕದಲ್ಲಿ ಇನ್ನೂ ಬಾಕಿ ಉಳಿದಿದೆ. ಹಾಡಿ ಬಿಟ್ಟವರ ಬಾಕಿ, ಬೆಳೆ ಕಳೆದುಕೊಂಡವರ ಬಾಕಿ, ಕಾಲಿಗೆ ಹಗ್ಗ ಬಿದ್ದ ತಾಯಾನೆಯ ಬಾಕಿ.

ಅಳಿಯನಿಗೆ ಕೊನೆಗೂ ಪತ್ರ ಬರೆದೆ. ನಿಮ್ಮಲ್ಲಿಯಂತೆ ಇಲ್ಲಿ ಅಕ್ಟೋಬರಿನಲ್ಲಿ ಏನೂ ಇಲ್ಲ, ಬರುವುದಾದರೆ ಶಿವರಾತ್ರಿ ಕಳೆದ ಮೇಲೆ ಬಾ ಎಂದು ತಿಳಿಸಿದೆ. ಮೊದಲ ದಿನ ಬೈಲಕುಪ್ಪೆಗೆ ಹೋಗಿ ಅಮ್ಮನನ್ನು ಮಾತನಾಡಿಸೋಣ. ಎರಡನೆಯ ದಿನ ನಾಗಾಪುರದಲ್ಲಿ ನನಗೆ ಗೊತ್ತಿರುವ ಒಬ್ಬ ಹಿರಿಯ ಮಾವುತನ ಮನೆಯ ಜಗಲಿಯಲ್ಲಿ ಕೂತು ಅವನು ಹೇಳುವುದನ್ನು ಕೇಳೋಣ. ಮೂರನೆಯ ದಿನ ಕಾಡಿನ ಅಂಚಿನ ರಸ್ತೆಯಲ್ಲಿ ನಿಂತರೆ ಸಾಕು. ಬೋಳು ಮರಗಳ ನಡುವೆ ಒಂದು ಸಾಗಡೆಯ ಮರ ನಿನಗೆ ದೂರದಿಂದಲೇ ಕಾಣುತ್ತದೆ. ಅದನ್ನು ಹೂವೆಂದು ತಿಳಿಯಬೇಡ ಎಂದೂ ಬರೆದಿದ್ದೇನೆ.